ಗುಡಿಗೆ ಮೊದಲು ಗುಡ್ಡ ನೋಡಿ

ದೀಪಾವಳಿ ಮುಗಿದರೆ ಸಾಕು, ನಮ್ಮ ಅಂಚೆಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಹೆಸರು ಹೆಚ್ಚಾಗುತ್ತದೆ. ಈ ಸಲದ ಪತ್ರಗಳಲ್ಲಿ ಬಹುಪಾಲು ಗಂಡ-ಹೆಂಡತಿ ಇಬ್ಬರೇ ಗಾಡಿ ಹೊರಡಿಸಿಕೊಂಡು ಹೋಗುವವರವು. ಕೆಲವನ್ನು ಆರಿಸಿಕೊಂಡಿದ್ದೇನೆ. ಹೆಸರು ಬೇಡ ಎಂದವರ ಊರನ್ನಷ್ಟೇ ಹಾಕಿದೆ.

ಪ್ರಶ್ನೆ: ಮದುವೆಯಾದ ಮೇಲೆ ಮೊದಲ ಬಾರಿಗೆ ಮೂರು ದಿನ ರಜೆ ಇಬ್ಬರಿಗೂ ಒಟ್ಟಿಗೆ ಸಿಕ್ಕಿದೆ. ಕಾರಿದೆ. ನನಗೆ ಗುಡ್ಡ, ನೀರು, ಬಯಲು ಬೇಕು. ಜೋಗಕ್ಕೆ ಹೋಗೋಣ ಅಂದೆ. ಇವರಿಗೆ ಇತಿಹಾಸದ ಹುಚ್ಚು, ಪಟ್ಟದಕಲ್ಲೇ ಆಗಬೇಕು ಅಂತ ಹಟ. ಹತ್ತು ಗುಡಿ ತೋರಿಸಿದರೆ ಹತ್ತನೆಯದರ ಹೊತ್ತಿಗೆ ಮೊದಲನೆಯದು ಮರೆತುಹೋಗುವ ಪೈಕಿ ನಾನು. ನೀವೇ ತೀರ್ಮಾನ ಹೇಳಿ ಸಾರ್.
— ಓದುಗಿ, ಬೆಂಗಳೂರು

ಉತ್ತರ: ತೀರ್ಪು ನಿಮ್ಮ ಯಜಮಾನರ ಕಡೆಗೇ ಅಮ್ಮ, ಆದರೆ ಅದಕ್ಕೆ ಕೊಡುವ ಕಾರಣ ನಿಮ್ಮದು. ಗುಡ್ಡ, ನೀರು, ಬಯಲು ಮೂರೂ ಅಲ್ಲಿವೆ. ಗುಡಿ ಆಮೇಲೆ ಬಂದದ್ದು.

ಜೋಗ ದೊಡ್ಡದೇ. 253 ಮೀಟರ್ ಮೇಲಿಂದ ಶರಾವತಿ ಬೀಳುವುದನ್ನು ಮಳೆಗಾಲದಲ್ಲಿ ಕಂಡವರಿಗೆ ಬೇರೆ ಮಾತು ಬೇಕಿಲ್ಲ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅಲ್ಲಿನ ನೀರು ಮಳೆಯ ಮರ್ಜಿಯದ್ದು, ಅಣೆಕಟ್ಟಿನ ಮರ್ಜಿಯದ್ದು. ರಜೆ ಸಿಕ್ಕ ದಿನ ನೀರಿರಬೇಕು, ನೀರಿದ್ದ ದಿನ ಮಂಜು ಸರಿಯಬೇಕು. ಬಾದಾಮಿಯ ಬಂಡೆಗೆ ಇಂಥ ತಾಪತ್ರಯವಿಲ್ಲ. ಯಾವಾಗ ಹೋದರೂ ಇರುತ್ತದೆ.

ಆ ಬಂಡೆಯ ವಿಷಯ ಸ್ವಲ್ಪ ಹೇಳಬೇಕು. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದವನು ನಾನು, ತಡೆದುಕೊಳ್ಳಲಾಗದು. ಬಾಗಲಕೋಟೆ, ಬಾದಾಮಿ ಸುತ್ತಿನ ನೆಲ ಒಂದು ಕಾಲಕ್ಕೆ ತಗ್ಗು. ಅದರೊಳಗೆ ನೀರು ಮರಳು ತಂದು ಸುರಿಯಿತು, ಪದರದ ಮೇಲೆ ಪದರ. ಆ ಮರಳು ಒತ್ತಿ ಗಟ್ಟಿಯಾಗಿ ಕಲ್ಲಾಯಿತು. ಪ್ರಾಣಿ ಬಿಡಿ, ಭೂಮಿಯ ಮೇಲೆ ಹುಲ್ಲುಗರಿಯೂ ಹುಟ್ಟದ ಕಾಲದ ಮಾತು ಇದು. ಐವತ್ತು ಕೋಟಿ ವರ್ಷಕ್ಕಿಂತ ಎಷ್ಟೋ ಹಿಂದಿನದು. ಈ ಇಡೀ ಶಿಲಾಸಮೂಹಕ್ಕೆ ಬಾಗಲಕೋಟೆ ಹತ್ತಿರದ ಕಲಾದಗಿಯ ಹೆಸರಿಟ್ಟಿದ್ದಾರೆ. ಈಗ ಕಲಾದಗಿ ಎಂದರೆ ದಾಳಿಂಬೆ, ಚಿಕ್ಕು. ಬ್ರಿಟಿಷರ ಕಾಲದಲ್ಲಿ ಅದು ಜಿಲ್ಲಾ ಕೇಂದ್ರವಾಗಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಲ್ಲಿನ ಕಲ್ಲುಗಳನ್ನು ವಿವರವಾಗಿ ಬರೆದಿದ್ದಾನೆ. ಈ ಸಮೂಹದ ಕೆಳಭಾಗದ ಕಲ್ಲುಗಳು ನೆಲದ ಒತ್ತಡಕ್ಕೆ ಸಿಕ್ಕಿ ಓರೆಯಾಗಿ ಮಡಚಿಕೊಂಡಿವೆ. ಅವುಗಳ ಮೇಲೆ ಎಷ್ಟೋ ಕಾಲ ಬಿಟ್ಟು ಕೂತದ್ದು ಬಾದಾಮಿಯ ಮರಳುಗಲ್ಲು. ಅದು ಹಾಸಿದ ಹಾಗೆಯೇ ಮಲಗಿದೆ. ಮಲಗಿದ ಪದರಕ್ಕೆ ನೆಟ್ಟಗೆ ಸೀಳು ಬಿಟ್ಟಿವೆ. ಮಳೆ ಬಿಸಿಲು ಆ ಸೀಳುಗಳನ್ನೇ ಕೊರೆದು ಕೊರೆದು ಬಾದಾಮಿಯ ಕೆಂಪು ಗೋಡೆಗಳಾದವು. ಕೆಂಪು ಬಣ್ಣ ಕಬ್ಬಿಣದ ಅಂಶದ್ದು.

ಮೂರನೆಯ ಗುಹೆಗೆ ಹೋದಾಗ ಶಿಲ್ಪದ ಕಡೆ ನೋಡುವ ಮೊದಲು ಕಂಬವನ್ನೇ ಹತ್ತಿರದಿಂದ ನೋಡಿ. ತೇಗದ ಹಲಗೆಯ ಎಳೆಗಳಂತೆ ಕೆನ್ನೀಲಿ, ಕೆಂಪು, ಹಳದಿ ಗೆರೆಗಳು ಬಳುಕಿಕೊಂಡು ಓಡುತ್ತವೆ. ಹೊರಗೆ ಬಂಡೆಯ ಮೈಮೇಲೆ ಇನ್ನೊಂದು ಬಗೆಯ ಗೆರೆಗಳಿವೆ: ಅಡ್ಡ ಪದರದೊಳಗೆ ಓರೆಯಾಗಿ ಸಾಲು ಹಿಡಿದ ಸಣ್ಣ ಸಣ್ಣ ಗೆರೆ. ನೀರು ಯಾವ ಕಡೆಗೆ ಹರಿಯುತ್ತಿತ್ತೋ ಆ ಕಡೆಗೆ ಅವು ಇಳಿಜಾರಾಗಿರುತ್ತವೆ. ಹೆಸರೇ ಇಲ್ಲದ ಒಂದು ನದಿಯ ಹರಿವಿನ ದಿಕ್ಕನ್ನು ಬೆರಳಿಟ್ಟು ತೋರಿಸಬಹುದು. ಇದನ್ನು ನೀವು ಯಜಮಾನರಿಗೆ ತೋರಿಸಿ. ಅವರು ನಿಮಗೆ ಅದೇ ಗುಹೆಯ ಶಾಸನ ತೋರಿಸಲಿ: ಶಕ 500, ಅಂದರೆ ಕ್ರಿ.ಶ. 578, ಚಾಲುಕ್ಯ ಮಂಗಲೇಶ ಹಾಕಿಸಿದ್ದು. ಕಂಬದ ಮೇಲಿನ ಬೋದಿಗೆಗಳಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿಂತ ಜೋಡಿಗಳನ್ನು ನೋಡುವ ಕೆಲಸ ಇಬ್ಬರದೂ.

ದಾರಿಯ ಲೆಕ್ಕ. ಬೆಂಗಳೂರಿನಿಂದ ಬಾದಾಮಿ ಸುಮಾರು 450 ಕಿ.ಮೀ. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್ಲಿನವರೆಗೆ ಹೆದ್ದಾರಿ. ಹುನಗುಂದದಲ್ಲಿ ಎಡಕ್ಕೆ ತಿರುಗಿ ಅಮೀನಗಡ, ಅಲ್ಲಿಂದ ಐಹೊಳೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳದೆ ಮುಂದೆ ಹೋಗಬೇಡಿ. ಮೊದಲ ದಿನ ಪ್ರಯಾಣವೇ ಸಾಕು, ಸೀದಾ ಬಾದಾಮಿಗೆ ಹೋಗಿ ಮಲಗಿ. ವಸತಿಗೆ ಪಟ್ಟದಕಲ್ಲಿಗಿಂತ ಬಾದಾಮಿ ವಾಸಿ. ಎರಡನೆಯ ದಿನ ಬೆಳಗಾಗುತ್ತಲೇ ಪಟ್ಟದಕಲ್ಲು, 22 ಕಿ.ಮೀ. ಗುಡಿಗಳ ಮುಖ ಪೂರ್ವಕ್ಕೆ, ಬೆಳಗಿನ ಬಿಸಿಲು ಎದುರಿಗೇ ಬೀಳುತ್ತದೆ. ವಿರೂಪಾಕ್ಷ ಗುಡಿಯ ಪೂರ್ವದ ಮುಖಮಂಟಪದಲ್ಲಿ ನಿಂತು ತಲೆಯೆತ್ತಿದರೆ ಸೂರ್ಯ ರಥದಲ್ಲಿದ್ದಾನೆ. ಬಿಸಿಲೇರಿದ ಮೇಲೆ ಮಹಾಕೂಟದ ಬುಗ್ಗೆ, ಮರದ ನೆರಳು. ಇಳಿಹೊತ್ತಿಗೆ ಬಾದಾಮಿ: ಮೊದಲು ಗುಹೆ, ಆಮೇಲೆ ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥ. ಸಂಜೆಯ ಬಿಸಿಲಿಗೆ ಕೆರೆಯ ಸುತ್ತಿನ ಬಂಡೆ ಹೊತ್ತಿಕೊಂಡಂತೆ ಕಾಣುತ್ತದೆ. ಮೂರನೆಯ ದಿನ ಕೆರೂರು ಅಥವಾ ಕುಳಗೇರಿ ಕ್ರಾಸ್ ಮೇಲೆ ಹುಬ್ಬಳ್ಳಿಗೆ ಹೋಗಿ ಮನೆದಾರಿ ಹಿಡಿಯಿರಿ. ಐಹೊಳೆ ಬಿಟ್ಟುಹೋಯಿತಲ್ಲ ಎಂದರೆ ಬಿಡಿ. ಒಂದೇ ದಿನದಲ್ಲಿ ಮೂರೂ ಊರು ಮುಗಿಸಿದವರ ಫೋಟೊದಲ್ಲಿ ಯಾವುದು ಯಾವ ಗುಡಿ ಎಂದು ಅವರಿಗೇ ಗೊತ್ತಿರುವುದಿಲ್ಲ.

ಒಂದು ಎಚ್ಚರಿಕೆ. ಕಬ್ಬು ನುರಿಸುವ ಕಾಲದಲ್ಲಿ ಬಾಗಲಕೋಟೆ ಜಿಲ್ಲೆಯ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸಬೇಡಿ. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿರುತ್ತಾರೆ, ಹಿಂದೆ ದೀಪವಿರುವುದಿಲ್ಲ, ಟೇಪ್ ರಿಕಾರ್ಡರ್ ಹಾಡಿಗೆ ನಿಮ್ಮ ಹಾರನ್ನೂ ಕೇಳಿಸುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಬಾದಾಮಿಯಲ್ಲಿ ಜಲಪಾತ ಇರುತ್ತದಂತೆ, ನಿಜವೇ? ಪಟ್ಟದಕಲ್ಲಿನಲ್ಲಿ ಹೊಳೆಗೆ ಇಳಿಯಬಹುದೇ?
— ನವದಂಪತಿ, ದಾವಣಗೆರೆ

ಉತ್ತರ: ನಿಜ. ಅಕ್ಕ-ತಂಗಿ ಎನ್ನುತ್ತಾರೆ. ಜೋರು ಮಳೆ ಬಿದ್ದಾಗ ಬಂಡೆಯ ತಲೆಯಿಂದ ಅಗಸ್ತ್ಯತೀರ್ಥದ ಕಡೆಗೆ ಜೋಡಿಯಾಗಿ ಧುಮುಕುತ್ತವೆ. ಮಳೆ ನಿಂತರೆ ಅವೂ ನಿಲ್ಲುತ್ತವೆ, ಆದ್ದರಿಂದ ಅದನ್ನೇ ನಂಬಿಕೊಂಡು ದಾವಣಗೆರೆಯಿಂದ ಹೊರಡುವುದು ಬೇಡ. ಬೆಟ್ಟದ ಮೇಲೆ ಒದ್ದೆ ಮರಳುಗಲ್ಲು ಜಾರುತ್ತದೆ ಎಂಬುದೂ ನೆನಪಿರಲಿ.

ಹೊಳೆಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಕೃಷ್ಣೆಗೆ ಸೇರುವುದು ಕೂಡಲಸಂಗಮದಲ್ಲಿ. ಉದ್ದಕ್ಕೂ ಪೂರ್ವಕ್ಕೆ ನಡೆಯುವ ಹೊಳೆ ಪಟ್ಟದಕಲ್ಲಿನ ಹತ್ತಿರ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿ ಎಂದರೆ ನಮ್ಮವರಿಗೆ ಕಾಶಿಯ ಸಮಾನ. ಪಟ್ಟ ಕಟ್ಟಲು ಚಾಲುಕ್ಯರು ಈ ದಂಡೆ ಆರಿಸಿದ್ದಕ್ಕೆ ಅದೂ ಒಂದು ಕಾರಣ ಎನ್ನುವವರಿದ್ದಾರೆ. ವಿರೂಪಾಕ್ಷ ಗುಡಿಯ ಪೂರ್ವದ ಬಾಗಿಲಿನಿಂದ ಸೀದಾ ಹೊಳೆಗೆ ಇಳಿದುಬಿಡಬಹುದು, ಅಷ್ಟು ಹತ್ತಿರ.

ಹತ್ತಿರ ಎಂಬುದೇ ಅಪಾಯ. 2019ರ ಆಗಸ್ಟಿನಲ್ಲಿ ಮೇಲೆ ಮಳೆ ಹೆಚ್ಚಾಗಿ, ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ಗುಡಿಗಳ ಆವರಣದೊಳಕ್ಕೇ ನುಗ್ಗಿತು. ಊರಿನವರು ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋದರು. ಆದ್ದರಿಂದ ಜುಲೈಯಿಂದ ಸೆಪ್ಟೆಂಬರ್‌ವರೆಗೆ ದಂಡೆಯಿಂದಲೇ ನೋಡಿ. ನಿಮ್ಮ ತಲೆಯ ಮೇಲೆ ಮಳೆ ಇಲ್ಲದಿದ್ದರೂ ಹೊಳೆ ಏರಬಹುದು. ನೀರು ಬರುವುದು ಬೆಳಗಾವಿ ಕಡೆಯಿಂದ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಆ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕಕ್ಕುತ್ತದೆ, ಹೊಸ ಜೋಡಿಗಳಿಗೆ ಜಗಳವಾಡಲು ಮಾತ್ರ ಅನುಕೂಲ.

ಪ್ರಶ್ನೆ: ನಮ್ಮದು ಇಳಕಲ್ಲರೀ. ಐವತ್ತು ದಾಟಿದರೂ ಇಬ್ಬರೂ ಕೂಡಿ ಪಟ್ಟದಕಲ್ಲ ನೋಡಿಲ್ಲ, ನೆಂಟರನ್ನ ಕರಕೊಂಡು ಹೋಗಿ ಹೊರಗ ಗಾಡಿ ಕಾಯೋದಾ ಆತು ನನ್ನ ಹಣೇಬರಹ. ಈ ಸಲ ಬೈಕಿನ ಮ್ಯಾಲೆ ಇಬ್ಬರ ಹೋಗೂಣು ಅಂತ ಮನೀಯಾಕಿ ಅಂದಾಳ. ಅದಕ್ಕ ಒಂದು ಸಂಶಯ. ನಮ್ಮೂರ ಕೆಂಪು ಗ್ರಾನೈಟ್ ದೇಶವಿದೇಶಕ್ಕ ಹೋಗತೈತಿ. ಇಷ್ಟು ಗಟ್ಟಿ ಕಲ್ಲು ಮಗ್ಗಲದಾಗ ಇಟಗೊಂಡು ಚಾಲುಕ್ಯರು ಆ ಮೆತ್ತನ್ನ ಕಲ್ಲಿಗೆ ಯಾಕ ಹೋದರರೀ?
— ಒಬ್ಬ ನೇಕಾರ, ಇಳಕಲ್

ಉತ್ತರ: ಈ ತಿಂಗಳ ಅತ್ಯುತ್ತಮ ಪ್ರಶ್ನೆ ನಿಮ್ಮದು ಯಜಮಾನರೇ.

ಇಳಕಲ್ಲಿನ ಗ್ರಾನೈಟ್ ಬಾದಾಮಿಯ ಮರಳುಗಲ್ಲಿಗಿಂತ ಬಹಳ ಹಳೆಯದು. ನೆಲದಾಳದಲ್ಲಿ ಕರಗಿದ ಶಿಲೆ ಆರಿ ಹರಳುಗಟ್ಟಿ ಆದ ಕಲ್ಲು ಅದು. ಕೆಂಪು ಹರಳು, ಬಿಳಿ ಹರಳು, ಕಪ್ಪು ಚುಕ್ಕೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದರಲ್ಲಿ ಮರಳುಗಲ್ಲಿನ ಹಾಗೆ ಪದರವಿಲ್ಲ; ಎಲ್ಲಿ ಬೆಣೆ ಹೊಡೆದರೆ ಎಲ್ಲಿ ಬಿಚ್ಚುತ್ತದೆ ಎಂಬುದನ್ನು ಕಲ್ಲುಕುಟಿಗನೇ ಕಂಡುಕೊಳ್ಳಬೇಕು. ಮರಳುಗಲ್ಲು ಹಾಗಲ್ಲ. ಅಡ್ಡಕ್ಕೆ ಪದರ, ಉದ್ದಕ್ಕೆ ಸೀಳು, ಅರ್ಧ ಕೆಲಸವನ್ನು ಗುಡ್ಡವೇ ಮಾಡಿಟ್ಟಿದೆ. ಚಪ್ಪಡಿ ಎಬ್ಬಿಸುವುದು ಸುಲಭ. ಗಣಿಯಿಂದ ಹೊಸದಾಗಿ ತೆಗೆದಾಗ ಉಳಿಗೆ ಬೇಗ ಬಗ್ಗುತ್ತದೆ, ಗಾಳಿಗೆ ಬಿದ್ದ ಮೇಲೆ ಮೈ ಗಟ್ಟಿಯಾಗುತ್ತದೆ. ಪಟ್ಟದಕಲ್ಲಿನ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದ ಶಂಕರಲಿಂಗನ ಗುಂಡಿನಲ್ಲಿ ಆ ಕಾಲದ ಕಲ್ಲುಗಣಿ ಇದೆ. ಕಲ್ಲು ಎಬ್ಬಿಸಿದ ಬೆಣೆಯ ತೂತು, ಕುಟಿಗರು ಕೊರೆದ ಗುರುತುಗಳು ಅಲ್ಲಿ ಈಗಲೂ ಕಾಣುತ್ತವೆ.

ಗ್ರಾನೈಟ್ ಕೊರೆಯುವುದು ಆಗದ ಕೆಲಸವೇನಲ್ಲ. ಅದೇ ಕಾಲದಲ್ಲಿ ಪಲ್ಲವರು ಮಾಮಲ್ಲಪುರದಲ್ಲಿ ಗಟ್ಟಿ ಕಲ್ಲನ್ನೇ ಕೊರೆದು ರಥಗಳನ್ನು ಮಾಡಿದರು. ಆದರೆ ರಾಜಧಾನಿ ಗುಡ್ಡದ ಬುಡದಲ್ಲಿತ್ತು. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದಕ್ಕೆ ಅಲ್ಲಿಯ ಬಂಡೆಯ ಮೇಲೇ ಶಾಸನವಿದೆ. ಮನೆಯ ಹಿತ್ತಿಲಲ್ಲಿ ಇಂಥ ಕಲ್ಲಿದ್ದಾಗ ಇಳಕಲ್ಲಿನಿಂದ ಬಂಡಿಯ ಮೇಲೆ ಗ್ರಾನೈಟ್ ಯಾರು ಹೇರುತ್ತಾರೆ? ಮೆತ್ತನೆಯ ಕಲ್ಲಿನ ಲಾಭವನ್ನು ಬೆರಳ ಉಗುರು, ಹೂವಿನೆಸಳು, ಸೀರೆಯ ನಿರಿಗೆಗಳಲ್ಲಿ ನೋಡಬಹುದು. ನೀವು ನೇಕಾರರು, ನಿರಿಗೆ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನನಗಿಂತ ನಿಮಗೇ ಚೆನ್ನಾಗಿ ತಿಳಿದೀತು. ಬೇರೆ ಕಲ್ಲು ತಂದದ್ದೂ ಉಂಟು: ವಿರೂಪಾಕ್ಷ ಗುಡಿ ಮರಳುಗಲ್ಲಿನದು, ಎದುರಿನ ನಂದಿ ಮಾತ್ರ ಕರಿ ಕಲ್ಲಿನದು.

ಮನೆಯವರನ್ನು ಆ ಗುಡಿಗೆ ಕರೆದೊಯ್ದಾಗ ಇದನ್ನೂ ಹೇಳಿ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅದನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಸುಮಾರು 740ರ ಹೊತ್ತಿಗೆ. ಮಗ್ಗುಲ ಮಲ್ಲಿಕಾರ್ಜುನ ಗುಡಿ ಆಕೆಯ ತಂಗಿ ತ್ರೈಲೋಕ್ಯಮಹಾದೇವಿಯದು. ಆಕೆಯೂ ಅದೇ ರಾಜನ ರಾಣಿ. ಯುದ್ಧ ಗೆದ್ದವನು ಗಂಡ, ಕಟ್ಟಿಸಿದವರು ಹೆಂಡತಿಯರು, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಏರಿದ್ದು ಕಟ್ಟಿಸಿದ್ದು. ವಾಸ್ತುಶಿಲ್ಪಿಯ ಹೆಸರೂ ಶಾಸನದಲ್ಲಿದೆ, ಗುಂಡ ಅನಿವಾರಿತಾಚಾರಿ.

ನಿಮ್ಮ ದಾರಿ ಇಳಕಲ್, ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು; ಒಂದೇ ದಿನದಲ್ಲಿ ಹೋಗಿ ಬರಬಹುದು. ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತಿ. ಕವಿ ರವಿಕೀರ್ತಿಯ 634ರ ಶಾಸನ ಅಲ್ಲಿನ ಜೈನ ಬಸದಿಯ ಗೋಡೆಯಲ್ಲಿದೆ. ಗುಡಿಯ ಹಿಂದೆ ಬಂಡೆಯ ಮೇಲೆ ಇನ್ನೂ ಹಳೆಯ ಕಾಲದವರು ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಮನೆಗಳಿವೆ. ಚಾಲುಕ್ಯರಿಗಿಂತ ಮೊದಲೇ ಈ ಕಲ್ಲಿನ ಗುಟ್ಟು ಜನಕ್ಕೆ ಗೊತ್ತಿತ್ತು. ಈ ಸಲ ಗಾಡಿ ಕಾಯುವ ಕೆಲಸ ಬೇರೆಯವರಿಗಿರಲಿ.

ಪ್ರಶ್ನೆ: ನಮ್ಮ ಮನೆಯವರಿಗೆ ಗುಡ್ಡ ಹತ್ತುವ ಚಟ, ನನಗೆ ಮೊಣಕಾಲು ನೋವು. ಸಿಡಿಲಫಡಿಗೆ ಹೋಗಲೇಬೇಕು ಎನ್ನುತ್ತಾರೆ. ಅದು ಏನು, ಎಷ್ಟು ದೂರ?
— ಒಬ್ಬ ಶಿಕ್ಷಕಿ, ಧಾರವಾಡ

ಉತ್ತರ: ಊರವರ ಬಾಯಲ್ಲಿ ಅದು ಶಿಡ್ಲಫಡಿ. ಮರಳುಗಲ್ಲು ತಾನಾಗಿ ಸವೆದು ಕಮಾನಿನಂತೆ ನಿಂತ ದೊಡ್ಡ ಕಲ್ಲಾಸರೆ. ಚಾವಣಿಯಲ್ಲಿ ಸಿಡಿಲು ಹೊಡೆದು ಬಿದ್ದದ್ದು ಎಂದು ಹೇಳುವ ತೂತುಗಳು, ಒಳಗೆ ಆದಿಮಾನವರ ಚಿತ್ರಗಳು. ಬಾದಾಮಿಯಿಂದ ಕುರುಚಲು ಕಾಡಿನ ಗುಡ್ಡದ ಮೇಲೆ ಮೂರು ನಾಲ್ಕು ಕಿಲೋಮೀಟರು ನಡಿಗೆ, ಹೋಗಿ ಬರಲು ಅರ್ಧ ದಿನ. ಕಾಲುದಾರಿಗಳು ಒಂದರೊಳಗೊಂದು ಸೇರಿಕೊಂಡು ದಾರಿ ತಪ್ಪಿಸುತ್ತವೆ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಲೇಬೇಕು. ಅಲ್ಲಿ ನೀರು ಮಾರುವವರು ಯಾರೂ ಇಲ್ಲ.

ನೀವು ಹೋಗಬೇಡಿ. ಅವರು ಬೆಳಗಿನ ಜಾವ ಹೊರಡಲಿ. ನೀವು ಬಾದಾಮಿ ಕೆರೆಯ ದಂಡೆಯಲ್ಲಿ ಸಮತಟ್ಟಾದ ದಾರಿಯಲ್ಲಿ ಭೂತನಾಥಕ್ಕೆ ನಡೆದುಹೋಗಿ, ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ ನೋಡಿ. ಶುಕ್ರವಾರ ಮಾತ್ರ ಬಾಗಿಲು ಹಾಕಿರುತ್ತದೆ. ಮಧ್ಯಾಹ್ನ ಇಬ್ಬರೂ ಬನಶಂಕರಿಯಲ್ಲಿ ಸೇರಿ. ಗುಡಿಯ ಹೊಂಡದ ಬದಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಖಟಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆಂಪಿಂಡಿ, ಗಡಿಗೆ ಮೊಸರು ಬಡಿಸುತ್ತಾರೆ. ಚೌಕಾಸಿ ಮಾಡಬೇಡಿ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಹೋದರೆ ಕಂಪನಿ ನಾಟಕವನ್ನೂ ನೋಡಬಹುದು, ಆದರೆ ಲಾಡ್ಜಿನಲ್ಲಿ ಕೋಣೆ ಮಾತ್ರ ಸಿಗುವುದಿಲ್ಲ. ಪಟ್ಟದಕಲ್ಲು ಪೂರ್ತಿ ಸಮತಟ್ಟು, ಮೊಣಕಾಲಿಗೆ ಭಯವಿಲ್ಲ. ಬಾದಾಮಿ ಗುಹೆಗಳಿಗೆ ಮೆಟ್ಟಿಲು ಕಡಿದಾಗಿವೆ, ಕೈಯಲ್ಲಿ ತಿಂಡಿ ಕಂಡರೆ ಮಂಗ ಬಿಡುವುದಿಲ್ಲ. ಮೊದಲ ಗುಹೆಯವರೆಗೆ ಹತ್ತಿದರೂ ಹದಿನೆಂಟು ತೋಳಿನ ನಟರಾಜ ಸಿಗುತ್ತಾನೆ.

ಪ್ರಶ್ನೆ: ಕಳೆದ ವರ್ಷ ಹೋದಾಗ ಬಂಡೆಗಳ ಮೇಲೆ ಬಾಣ ಚುಚ್ಚಿದ ಹೃದಯ, ಅದರೊಳಗೆ ಜೋಡಿ ಹೆಸರು, ತಾರೀಕು. ನೋಡಿ ಹೊಟ್ಟೆ ಉರಿಯಿತು. ಹೆಂಡತಿ ಅಂದಳು, “ಹಳೆಯವರು ಕೆತ್ತಿದರೆ ಶಾಸನ, ಈಗಿನವರು ಕೆತ್ತಿದರೆ ತಪ್ಪೇ?” ಅವಳಿಗೆ ಏನು ಉತ್ತರ ಹೇಳಲಿ?
— ಒಬ್ಬ ಬ್ಯಾಂಕ್ ನೌಕರ, ಗದಗ

ಉತ್ತರ: ನಿಮ್ಮ ಮನೆಯವರ ವಾದ ಬಲವಾಗಿದೆ. ಬಾದಾಮಿಯ ಬಂಡೆಗಳ ಮೇಲೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಕಪ್ಪೆ ಅರಭಟ್ಟನ ತ್ರಿಪದಿ ಇರುವುದೂ ಬಂಡೆಯ ಮೇಲೆಯೇ. 642ರ ಸುಮಾರಿಗೆ ಬಾದಾಮಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನೂ ತನ್ನ ಬಿರುದನ್ನು ಇದೇ ಊರಿನ ಬಂಡೆಗೆ ಬರೆಸಿಟ್ಟು ಹೋದ. ಎರಡನೆಯ ವಿಕ್ರಮಾದಿತ್ಯ ಅದಕ್ಕೆ ಪ್ರತಿಯಾಗಿ ಕಂಚಿಯ ಕೈಲಾಸನಾಥ ಗುಡಿಯ ಕಂಬದ ಮೇಲೆ ಕನ್ನಡ ಶಾಸನ ಹಾಕಿಸಿದ. ಗುಡಿಯ ಆಸ್ತಿಯನ್ನು ಮುಟ್ಟದೆ ಮರಳಿ ಕೊಟ್ಟೆ ಎಂದು ಅದರಲ್ಲಿದೆ.

ಅವರು ಊರು ಗೆದ್ದು, ಗುಡಿ ಕಡೆದು, ದಾನ ಕೊಟ್ಟು ಬರೆಸಿದರು. ಬಸ್ಸಿಳಿದು ಕಾರಿನ ಕೀಲಿಯಿಂದ ಗೀಚುವುದಕ್ಕೂ ಅದಕ್ಕೂ ಹೋಲಿಕೆ ಬೇಡ. ಹೋಲಿಸಿದರೂ ಕಲ್ಲಿಗೆ ಒಂದೇ: ಮರಳುಗಲ್ಲಿನ ಗಟ್ಟಿಯಾದ ಹೊರಮೈ ಒಮ್ಮೆ ಹರಿದರೆ ಒಳಗಿನ ಸಡಿಲ ಕಣ ಮಳೆಗೆ ಉದುರುತ್ತ ಹೋಗುತ್ತದೆ. ಅಳಿಸಲು ಉಜ್ಜಿದರೆ ಇನ್ನಷ್ಟು ಹಾಳು. ಸಿಡಿಲಫಡಿಯಂಥ ಕಡೆ ಗೀಚಿದ ಹೆಸರಿನ ಕೆಳಗೆ ಸಾವಿರಾರು ವರ್ಷದ ಚಿತ್ರವೇ ಇರಬಹುದು. ಇನ್ನು ಕಾನೂನು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಯಾರಾದರೂ ಗೀಚುವುದು ಕಂಡರೆ ನೀವು ಜಗಳಕ್ಕೆ ಇಳಿಯಬೇಡಿ. ಅಲ್ಲೇ ಇರುವ ಪುರಾತತ್ತ್ವ ಇಲಾಖೆಯ ಕಾವಲುಗಾರನನ್ನು ಕೂಗಿ ಕರೆಯಿರಿ, ಆತ ಬರುವವರೆಗೆ ಜಾಗ ಬಿಟ್ಟು ಹೋಗಬೇಡಿ.